ವಾರಂಟಿ ಕೇಳಲು ಬಂದ ಬಾಗಿಲು

ಟೂಲ್ ಬ್ಯಾಗು ಹೆಗಲಿಗೇರಿಸಿ ಹೊಸದಾಗಿ ಸರ್ವಿಸ್ ಕೆಲಸಕ್ಕೆ ಸೇರುತ್ತಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೋಟಾರು ಬಿಚ್ಚುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಈಚೆಗಂತೂ ಫೋನಿನಲ್ಲೇ ವಿಡಿಯೋ ನೋಡಿ ಕಲಿಯಬಹುದು. ಆದರೆ ಸುಟ್ಟ ಮೋಟಾರಿನ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತವರ ಮುಖ ನೋಡಿ, ಇದಕ್ಕೆ ವಾರಂಟಿ ಬರುತ್ತದೆ ಅಥವಾ ಬರುವುದಿಲ್ಲ ಎಂದು ಹೇಳುವುದನ್ನು ಯಾರೂ ಕಲಿಸುವುದಿಲ್ಲ. ನಮ್ಮ ಕೆಲಸದ ಮುಕ್ಕಾಲು ಪಾಲು ಅದೇ. ಅದನ್ನು ನಾನು ಮೂವತ್ತಮೂರು ವರ್ಷ ಮಾಡಿದ್ದೇನೆ, ಚೆನ್ನಾಗಿಯೇ ಮಾಡಿದ್ದೇನೆ. ಒಂದೆರಡು ಸಲ ಕೆಟ್ಟದಾಗಿ ಮಾಡಿದ್ದೂ ಉಂಟು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಪಂಪು, ಮೋಟಾರು, ಮಿಕ್ಸಿ, ಗ್ರೈಂಡರು ತಯಾರಿಸುವ ಒಂದು ಕಂಪನಿಯ ಸರ್ವಿಸ್ ಸೆಂಟರು ಕಡೂರಿನಲ್ಲಿತ್ತು. ಅಲ್ಲಿ ಮೆಕ್ಯಾನಿಕ್ ಆಗಿ ಸೇರಿದವನು ಸೂಪರ್‌ವೈಸರ್ ಆಗಿ ನಿವೃತ್ತನಾದೆ. ನಡುವೆ ಯಾವಾಗ ಯಾವ ಹುದ್ದೆ ಬಂತು ಎನ್ನುವುದರಲ್ಲಿ ಯಾರಿಗೂ ಆಸಕ್ತಿ ಇರಲಾರದು, ನನ್ನ ಹೆಂಡತಿಗೇ ಇರಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ನನ್ನ ಸರಹದ್ದು. ಮೊದಲು ಬಸ್ಸು, ಆಮೇಲೆ ಮೊಪೆಡ್ಡು, ಕೊನೆಗೆ ಬೈಕು.

ನನಗೆ ಕೆಲಸ ಕಲಿಸಿದವರು ರಾಜಶೇಖರಯ್ಯ ಎಂಬ ಹೆಡ್ ಮೆಕ್ಯಾನಿಕ್ಕು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಬೈಗುಳವಿಲ್ಲದೆ ಒಂದು ನಟ್ಟನ್ನೂ ಬಿಗಿ ಮಾಡಿದವರಲ್ಲ. ಸೇರಿದ ಮೊದಲ ವಾರ ಅವರು ನನ್ನನ್ನು ಕೇಳಿದರು.

"ಲೇ ಮಲ್ಲೇಶಿ, ವಾರಂಟಿ ಅಂದ್ರೇನೋ?"

"ಒಂದು ವರ್ಷ ಮಿಷನ್ನು ಕೆಡಲ್ಲ ಅಂತ ಸಾರ್."

"ಥೂ ನಿನ್ನ! ಕೆಡಲ್ಲ ಅಂತ ದೇವ್ರೂ ಬರ್ಕೊಡಲ್ಲ ಕಣೋ. ಕೆಟ್ರೆ ಯಾರು ಬತ್ತಾರೆ ಅಂತ ಬರ್ಕೊಡೋದು. ಬರೋನು ನೀನು. ಹೋಗು, ಬ್ಯಾಗ್ ತಗಾ."

ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಕಂಪನಿಯವರು ಹೋಟೆಲಿನಲ್ಲಿ ಊಟ ಹಾಕಿಸಿ ಟ್ರೈನಿಂಗ್ ಕೊಟ್ಟಾಗಲೂ ನನಗೆ ನೆನಪಾಗುತ್ತಿದ್ದುದು ಆ ಎಲೆಯಡಿಕೆಯ ಬಾಯಿಯೇ.

ನಮ್ಮ ಜನಕ್ಕೆ ವಾರಂಟಿ ಕಾರ್ಡಿನ ಮೇಲೆ ಎಂಥ ಭಕ್ತಿ ಎಂದರೆ, ಅದನ್ನು ಓದುವುದು ಬಿಟ್ಟು ಬೇರೆಲ್ಲವನ್ನೂ ಮಾಡುತ್ತಾರೆ. ದೇವರ ಮನೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚುತ್ತಾರೆ. ಟ್ರಂಕಿನಲ್ಲಿ ಮದುವೆಯ ಸೀರೆಯ ಮಡಿಕೆಯೊಳಗೆ ಇಡುತ್ತಾರೆ. ಕಡೂರಿನ ಒಬ್ಬ ತೆಂಗಿನಕಾಯಿ ವ್ಯಾಪಾರಿ ಕಾರ್ಡು ಹಾಳಾಗಬಾರದೆಂದು ಅಂಗಡಿಯಿಂದ ತಂದ ದಿನವೇ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದರು. ಏಳು ತಿಂಗಳಾದ ಮೇಲೆ ಪಂಪು ನಿಂತಾಗ ಹೆಮ್ಮೆಯಿಂದ ನನ್ನ ಕೈಗೆ ಕೊಟ್ಟರು. ಫಳಫಳ ಹೊಳೆಯುತ್ತಿತ್ತು. ಹೆಸರು, ತಾರೀಖು, ನಂಬರು ಯಾವುದನ್ನೂ ತುಂಬಿರಲಿಲ್ಲ, ಡೀಲರ್ ಸೀಲೂ ಇರಲಿಲ್ಲ. ಇನ್ನು ತುಂಬೋಣವೆಂದರೆ ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಓಡುತ್ತಿರಲಿಲ್ಲ. ಪುಣ್ಯಕ್ಕೆ ಬಿಲ್ಲು ಸಿಕ್ಕಿತು, ಪಂಪೂ ರಿಪೇರಿಯಾಯಿತು. ಆ ಕಾರ್ಡನ್ನು ಮಾತ್ರ ಅವರು ಗಲ್ಲಾಪೆಟ್ಟಿಗೆಯಿಂದ ತೆಗೆಯಲಿಲ್ಲ.

ಆಷಾಢದ್ದು ಇನ್ನೊಂದು ಕಥೆ. ಆಷಾಢದಲ್ಲಿ ಅಂಗಡಿಯವರು ರಿಯಾಯಿತಿ ಕೊಡುತ್ತಾರೆ, ನಮ್ಮ ಜನ ಕೊಂಡುಬಿಡುತ್ತಾರೆ. ಆದರೆ ಆಷಾಢದಲ್ಲಿ ಹೊಸದನ್ನು ಶುರು ಮಾಡುವ ಹಾಗಿಲ್ಲವಲ್ಲ! ಹಾಗಾಗಿ ಡಬ್ಬಿ ಮನೆಯ ಮೂಲೆಯಲ್ಲಿ ಶ್ರಾವಣಕ್ಕಾಗಿ ಕಾಯುತ್ತಾ ಕೂತಿರುತ್ತದೆ. ವಾರಂಟಿ ಮಾತ್ರ ಬಿಲ್ಲಿನ ತಾರೀಖಿನಿಂದಲೇ ಸವೆಯುತ್ತಿರುತ್ತದೆ. ಮುಂದಿನ ವರ್ಷ ಅವಧಿ ಮುಗಿದು ನಾಲ್ಕೇ ದಿನಕ್ಕೆ ಗ್ರೈಂಡರು ಕೆಟ್ಟರೆ, "ಡಬ್ಬಿ ಒಳಗಿದ್ದಿದ್ದು ಯಾವ ಲೆಕ್ಕ ಕಣ್ರೀ? ಕೂಸು ಹುಟ್ಟಿದ ಮ್ಯಾಲಲ್ವಾ ವಯಸ್ಸು?" ಎಂದು ಜಗಳಕ್ಕೆ ನಿಲ್ಲುತ್ತಾರೆ. ನನಗೂ ಅವರ ವಾದ ಸರಿ ಎನಿಸುತ್ತಿತ್ತು, ಆದರೆ ಕಂಪನಿಯವರು ಪಂಚಾಂಗ ನೋಡುವುದಿಲ್ಲ. ಆಷಾಢದಲ್ಲಿ ಕೊಂಡವರಿಗೆ ನಾನು ಅದೇ ದಿನ ಹೇಳುತ್ತಿದ್ದೆ. ಪೂಜೆ ಶ್ರಾವಣದಲ್ಲಿ ಮಾಡಿ, ಆದರೆ ಇವತ್ತೇ ಐದು ನಿಮಿಷ ಸುಮ್ಮನೆ ಓಡಿಸಿ ನೋಡಿ. ಐದು ನಿಮಿಷ ಓಡಿದರೆ ಅದು ಶುರು ಮಾಡಿದ ಹಾಗಲ್ಲ ಎಂದು ತರೀಕೆರೆಯ ಒಬ್ಬ ಜೋಯಿಸರಿಂದ ಹೇಳಿಸಿಯೂ ಇದ್ದೆ.

ಕಾರ್ಡಿನ ಹಿಂಬದಿಯನ್ನು ಪೂರ್ತಿ ಓದಿದ ಒಬ್ಬರೇ ಒಬ್ಬರು ನನಗೆ ಸಿಕ್ಕಿದ್ದು ಅಜ್ಜಂಪುರದಲ್ಲಿ. ಶಾಲೆಯ ಮೇಷ್ಟ್ರು. ಅವರ ಮನೆಯ ನಡುಕೋಣೆಯಲ್ಲಿ ಬುದ್ಧನ ಫೋಟೋ, ಅದರ ಕೆಳಗೆ ಪುಸ್ತಕದ ಕಪಾಟು. ಮಿಕ್ಸಿಯಲ್ಲಿ ಒಣ ಅರಿಶಿನದ ಕೊಂಬು ಹಾಕಿ ತಿರುಗಿಸಿದ್ದರು, ಜಾರನ್ನು ಮೋಟಾರಿಗೆ ಜೋಡಿಸುವ ಕಪ್ಲರ್ ಮುರಿದಿತ್ತು. ನಾನು ಎಂದಿನ ಹಾಗೆ, "ಇದು ಸಾಮಾನ್ಯ ಬಳಕೆ ಅಲ್ಲ ಮೇಷ್ಟ್ರೇ, ವಾರಂಟಿ ಬರಲ್ಲ" ಎಂದೆ. ಅವರು ಕನ್ನಡಕ ಹಾಕಿಕೊಂಡು, ಇರುವೆಯಷ್ಟು ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿ ಮುಗಿಸಿದರು.

"ಅರಿಶಿನದ ಕೊಂಬು ಹಾಕಬಾರದು ಅಂತ ಇದ್ರಾಗೆ ಎಲ್ಲೈತ್ರೀ? ಸಾಮಾನ್ಯ ಬಳಕೆ ಅಂತ ಮಾತ್ರ ಐತೆ. ನಮ್ಮನೇಲಿ ಇದು ಸಾಮಾನ್ಯಾನೇ. ಮಾರೋವಾಗ ಹೇಳ್ದೆ ಇರೋದನ್ನ ಕೆಟ್ಟ ಮ್ಯಾಲೆ ಹೇಳಿದ್ರೆ ಅದು ಮೋಸ ಅಲ್ವಾ?"

 ಕಪ್ಲರ್ ಹಾಕಿಕೊಟ್ಟು ಬಂದೆ. ಅವತ್ತಿನಿಂದ ಯಾವ ಯಂತ್ರ ಕೂರಿಸಿದರೂ ಕಾರ್ಡಿನ ಹಿಂಬದಿಯನ್ನು ಮನೆಯವರೆದುರು ಗಟ್ಟಿಯಾಗಿ ಓದುವುದನ್ನು ರೂಢಿ ಮಾಡಿಕೊಂಡೆ. ಹಿಂಬದಿ ಓದುವುದನ್ನು ಕಲಿತೆನೇ ಹೊರತು, ಮುಂಬದಿ ಬರೆಯುವುದರಲ್ಲಿ ನನ್ನ ಸೊಕ್ಕು ಹಾಗೇ ಉಳಿದಿತ್ತು. ಈಗ ಆ ಕಥೆಗೆ ಬರುತ್ತೇನೆ.

ಅದಕ್ಕೆ ಮೊದಲು ನಂಬರ್ ಪ್ಲೇಟಿನ ವಿಚಾರ ಹೇಳಬೇಕು. ನಮ್ಮ ಸೀಮೆಯಲ್ಲಿ ಯಂತ್ರ ಮನೆಗೆ ಬಂದರೆ ಮೊದಲು ಪೂಜೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಇಡುತ್ತಾರೆ. ವಿಭೂತಿ ಎಳೆಯಲು ಸಮತಟ್ಟಾದ ಜಾಗ ಬೇಕು. ಮೋಟಾರಿನ ಮೈಯೆಲ್ಲ ಏಣು ಏಣು, ಸಮತಟ್ಟಾಗಿರುವುದು ಸೀರಿಯಲ್ ನಂಬರ್ ಇರುವ ಪ್ಲೇಟು ಒಂದೇ. ಹಾಗಾಗಿ ಎಲ್ಲರ ಮನೆಯಲ್ಲೂ ಮೋಟಾರಿನ ಹಣೆ ಎಂದರೆ ಅದೇ. ಹಳೆಯ ಕಾಲದಲ್ಲಿ ಪ್ಲೇಟು ಅಲ್ಯೂಮಿನಿಯಮ್ಮಿನದು, ನಂಬರನ್ನು ಒತ್ತಿ ಕೊರೆದಿರುತ್ತಿದ್ದರು. ವಿಭೂತಿ ಆ ಗೀರುಗಳಲ್ಲಿ ತುಂಬಿಕೊಂಡು ನಂಬರು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಕಂಪನಿಯವರು ಬುದ್ಧಿವಂತರಾಗಿ ಪ್ಲೇಟು ತೆಗೆದು ಸ್ಟಿಕ್ಕರ್ ಅಂಟಿಸಲು ಶುರು ಮಾಡಿದರು. ಮಂಗಳವಾರ, ಶುಕ್ರವಾರ ಒದ್ದೆ ಬಟ್ಟೆ ತಗುಲಿದರೆ ಸ್ಟಿಕ್ಕರ್ ಎಷ್ಟು ದಿನ ಬಾಳುತ್ತದೆ? ಆಯುಧ ಪೂಜೆ ಕಳೆಯುವಷ್ಟರಲ್ಲಿ ಅರ್ಧ ಊರಿನ ಮೋಟಾರುಗಳಿಗೆ ನಂಬರೇ ಇರುತ್ತಿರಲಿಲ್ಲ. ನಂಬರು ಇಲ್ಲದಿದ್ದರೆ ವಾರಂಟಿ ಇಲ್ಲ. ನಾನು ಮೇಲಿನವರಿಗೆ ಪತ್ರ ಬರೆದೆ. ಸ್ಟಿಕ್ಕರಿನ ಮೇಲೆ ಪೂಜೆ ಮಾಡದಂತೆ ಗ್ರಾಹಕರಿಗೆ ತಿಳಿಸತಕ್ಕದ್ದು ಎಂದು ಉತ್ತರ ಬಂತು. ಬರೆದ ಪುಣ್ಯಾತ್ಮ ನಮ್ಮ ಊರಿಗೆ ಬಂದು ಅದನ್ನೊಮ್ಮೆ ಹೇಳಿ ನೋಡಬೇಕಿತ್ತು.

ಶಿವನಂಜಮ್ಮ ಎಂಬಾಕೆ ಅಂತರಘಟ್ಟೆಯ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಐವತ್ತರ ಆಸುಪಾಸು, ಹುಬ್ಬಿನ ತನಕ ಸದಾ ರಾಗಿ ಹಿಟ್ಟು. ಗಂಡ ಇದ್ದಾಗಲೂ ಮಿಲ್ಲು ಇವರದೇ, ಅವರು ತೀರಿಕೊಂಡ ಮೇಲೂ ಇವರದೇ. ಆದರೆ ಮಿಲ್ಲಿನ ಶೆಡ್ಡು ನಿಂತಿದ್ದ ಜಾಗ ಮೈದುನನ ಪಾಲಿಗೆ ಹೋಗಿತ್ತು. ಊರಿನ ಹಿರಿಯರು ಕೂತು ಒಂದು ಮಾತು ಮಾಡಿದ್ದರು. ಮಿಲ್ಲು ಓಡುವವರೆಗೂ ಶೆಡ್ಡು ಅತ್ತಿಗೆಯದು. ಒಂದು ತಿಂಗಳು ಮಿಲ್ಲು ನಿಂತರೆ ಮೈದುನ ಅಲ್ಲಿ ಗೊಬ್ಬರದ ಅಂಗಡಿ ಹಾಕಿಕೊಳ್ಳಬಹುದು. ಮೈದುನ ಕೆಟ್ಟವನೇನಲ್ಲ, ಆದರೆ ಗೊಬ್ಬರದ ಅಂಗಡಿಯ ಬೋರ್ಡನ್ನು ಆಗಲೇ ಬರೆಸಿಟ್ಟುಕೊಂಡಿದ್ದ.

ಆಕೆಯ ಹಳೆಯ ಮೋಟಾರು ಹೋದಾಗ ಹೊಸದನ್ನು ಶ್ರಾವಣದಲ್ಲಿ ನಾನೇ ಹೋಗಿ ಕೂರಿಸಿದ್ದೆ. ಹತ್ತು ಎಚ್‌ಪಿ ಮೋಟಾರು. ಅದೇ ದಿನ ಅಂಥದ್ದೇ ಇನ್ನೊಂದು ಮೋಟಾರು ತರೀಕೆರೆಯ ಒಂದು ಮರದ ಮಿಲ್ಲಿಗೂ ಹೋಯಿತು. ಎರಡನ್ನೂ ನಾನೇ ಕೂರಿಸಿದೆ, ಎರಡರ ವಾರಂಟಿ ಕಾರ್ಡನ್ನೂ ನಾನೇ ತುಂಬಿದೆ. ಎರಡೂ ಓಡಿದವು.

ರಾಗಿ ಒಕ್ಕಣೆ ಮುಗಿದು ಹೊಸ ರಾಗಿ ಮಿಲ್ಲಿಗೆ ಬರುವ ಹೊತ್ತಿಗೆ, ಸರಿಯಾಗಿ ಆರು ತಿಂಗಳಿಗೆ, ಶಿವನಂಜಮ್ಮನ ಮೋಟಾರು ಸುಟ್ಟಿತು. ಹೋಗಿ ಬಿಚ್ಚಿದೆ. ಒಂದು ಮಾತು ಕಲಿತುಕೊಳ್ಳಿ. ಲೋಡು ಹೆಚ್ಚಾಗಿ ಸುಟ್ಟರೆ ಒಳಗಿನ ಸುರುಳಿಗಳೆಲ್ಲ ಒಂದೇ ಸಮ ಕಪ್ಪಾಗುತ್ತವೆ. ಇಲ್ಲಿ ಒಂದೇ ಒಂದು ಸುರುಳಿ ಕಪ್ಪಾಗಿತ್ತು, ಉಳಿದವೆಲ್ಲ ಹೊಸದರಂತೆ ಹೊಳೆಯುತ್ತಿದ್ದವು. ಅಂದರೆ ಕಾರ್ಖಾನೆಯ ತಪ್ಪು, ಬಳಸಿದವರದಲ್ಲ. ಧೈರ್ಯವಾಗಿ ಹೇಳಿದೆ, "ಹೊಸದೇ ಬರುತ್ತೆ ಕಣಮ್ಮ, ಕಾರ್ಡ್ ಕೊಡಿ."

ಸ್ಟಿಕ್ಕರ್ ಇರಬೇಕಾದ ಜಾಗದಲ್ಲಿ ವಿಭೂತಿ, ಕುಂಕುಮ, ಒಣಗಿದ ಒಂದು ಹೂವಿನ ಎಸಳು ಇದ್ದವು. ಅದು ನಿರೀಕ್ಷಿಸಿದ್ದೇ. ಕಾರ್ಡಿನಲ್ಲಿ ನಂಬರಿತ್ತು, ಕೊನೆಯ ನಾಲ್ಕು ಅಂಕಿ 3051, ನನ್ನದೇ ಅಕ್ಷರ. ಕಡೂರಿಗೆ ಫೋನು ಮಾಡಿ ಕಂಪ್ಯೂಟರಿನಲ್ಲಿ ನೋಡಲು ಹೇಳಿದೆ. ಕೌಂಟರಿನವರು, "ಸಾರ್, 3051 ಮೋಟಾರು ಎರಡು ತಿಂಗಳ ಹಿಂದೆ ತರೀಕೆರೆ ಮರದ ಮಿಲ್ಲಿನಲ್ಲಿ ರಿಪೇರಿಯಾಗಿದೆ. ಅಲ್ಲೇ ಓಡ್ತಾ ಇದೆ" ಎಂದರು.

ಒಂದೇ ನಂಬರಿನ ಮೋಟಾರು ಎರಡು ಊರಿನಲ್ಲಿರಲು ಸಾಧ್ಯವಿಲ್ಲ. ಅಲ್ಲಿರುವುದರ ಮೇಲೆ ಸ್ಟಿಕ್ಕರ್ ಇದೆ, ಇಲ್ಲಿರುವುದರ ಮೇಲೆ ಇಲ್ಲ. ನನ್ನ ತಲೆ ತಟ್ಟನೆ ಓಡಿದ್ದು ಒಂದೇ ದಿಕ್ಕಿಗೆ. ಮೋಟಾರು ಬದಲಾಗಿದೆ, ಯಾರೋ ಹಳೆಯ ಮೋಟಾರಿಗೆ ಬಣ್ಣ ಹೊಡೆದು ಇಟ್ಟಿದ್ದಾರೆ. ಇಂಥ ಆಟಗಳನ್ನು ನಾನು ಬೇಕಾದಷ್ಟು ಹಿಡಿದಿದ್ದೆ, ಹಿಡಿದು ಶಭಾಷ್ ಅನ್ನಿಸಿಕೊಂಡೂ ಇದ್ದೆ.

"ಅಮ್ಮಾ, ಇದು ನಾನು ಕೂರಿಸಿದ ಮೋಟಾರಲ್ಲ."

 "ಏನಪ್ಪಾ ಹಿಂಗಂತೀಯಾ? ನೀನೇ ತಂದು ಕೂರ್ಸಿದ್ದು, ನೀನೇ ಬೋಲ್ಟ್ ಬಿಗಿದಿದ್ದು. ಅವತ್ತಿಂದ ಇದು ಅಲ್ಲಾಡಿಲ್ಲ. ಬೇಕಾದ್ರೆ ಬಾಗ್ಲ ಹಿಂದೆ ನಂಬರ್ ಬರ್ದೀನಿ, ಬಂದು ನೋಡು."

"ಬಾಗಿಲೆಲ್ಲ ದಾಖಲೆ ಆಗಲ್ಲ ಕಣಮ್ಮ" ಎಂದೆ. ನಾಲ್ಕು ಹೆಜ್ಜೆ ನಡೆದಿದ್ದರೆ ಬಾಗಿಲು ಸಿಗುತ್ತಿತ್ತು. ನಡೆಯಲಿಲ್ಲ. ಫಾರಂ ತೆಗೆದು, ನಂಬರು ಹೊಂದುವುದಿಲ್ಲ, ವಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದೆ. ಹಿಟ್ಟಿಗೆಂದು ರಾಗಿ ಚೀಲ ತಂದಿದ್ದ ನಾಲ್ಕಾರು ಜನ ಅಲ್ಲೇ ನಿಂತಿದ್ದರು. ಅವರೆಲ್ಲರೆದುರು ಆಕೆಗೆ ಕಳ್ಳಿ ಎಂಬ ಹೆಸರು ಕೊಟ್ಟು ಬೈಕು ಹತ್ತಿದೆ. ಆ ಪದ ಬಾಯಿಂದ ಬರಲಿಲ್ಲ ನಿಜ, ಆದರೆ ಕೇಳಿಸಿಕೊಂಡವರಿಗೆ ಅದೇ ಅರ್ಥವಾಗಿತ್ತು. ಈಗ ನೆನೆಸಿಕೊಂಡರೂ ನನಗೆ ನಾಚಿಕೆಯಾಗುತ್ತದೆ.

ಸುಟ್ಟ ಸುರುಳಿಯನ್ನು ಹೊರಗೆ ಎಲ್ಲಾದರೂ ದುಡ್ಡು ಕೊಟ್ಟು ಕಟ್ಟಿಸಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಮೇಲೆ ನಾನೂ ಆಕೆಯನ್ನು ಕೇಳಿದೆ. "ಹೊರಗೆ ಕಟ್ಸಿದ್ರೆ ನಾನೇ ಕದ್ದೆ ಅಂತ ಒಪ್ಕಂಡಂಗಲ್ವಾ?" ಎಂದರು. ಹೀಗೆ ಮಿಲ್ಲು ನಿಂತೇ ಇತ್ತು. ರಾಗಿ ಚೀಲಗಳು ಪಕ್ಕದ ಊರಿನ ಮಿಲ್ಲಿಗೆ ಹೋಗತೊಡಗಿದವು. ದಿನಗಳು ಹತ್ತಾದವು, ಇಪ್ಪತ್ತಾದವು. ಆಕೆ ಸೆಂಟರಿಗೆ ಮೂರು ಸಲ ಫೋನು ಮಾಡಿದರು. ಮೂರು ಸಲವೂ ನಾನೇ ಕಾರ್ಡಿನ ನಂಬರು ಓದಿ ಹೇಳಿ ಫೋನಿಟ್ಟೆ.

ತಿಂಗಳಿಗೊಮ್ಮೆ ನಮ್ಮ ಸೆಂಟರಿಗೆ ಏರಿಯಾ ಮ್ಯಾನೇಜರು ಬರುತ್ತಿದ್ದರು. ದೂರದ ರಾಜ್ಯದವರು, ಮೂವತ್ತರ ಒಳಗಿನ ಚುರುಕಾದ ಮನುಷ್ಯ. ಕನ್ನಡ ಅರ್ಥವಾಗುತ್ತಿತ್ತು, ಮುರುಕು ಮುರುಕಾಗಿ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ತಿರಸ್ಕರಿಸಿದ ಅರ್ಜಿಗಳನ್ನೆಲ್ಲ ಅವರು ನೋಡಿ ಮುಚ್ಚುವುದು ಪದ್ಧತಿ. ಆ ದಿನ ಅವರು ಬಂದು ಕೂತು ಕಾಫಿ ಕುಡಿಯುತ್ತಿದ್ದಾಗ ಬಾಗಿಲ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಶಿವನಂಜಮ್ಮ ಇಳಿದರು. ಆಟೋದ ಹಿಂದೆ ಚಾಪೆ ಹಾಸಿ ಮಲಗಿಸಿದ್ದ ಒಂದು ಬಾಗಿಲನ್ನು ಡ್ರೈವರೂ ಅವರೂ ಸೇರಿ ಎತ್ತಿ ತಂದು ನನ್ನ ಮೇಜಿಗೆ ಒರಗಿಸಿದರು. ಹಳೆಯ ಕಾಲದ ಬಾಗಿಲು, ಕೀಲಿನ ಕುಳಿಯಿಂದ ಎತ್ತಿದರೆ ಬಂದುಬಿಡುವಂಥದ್ದು.

"ನೀನು ಬಾಗ್ಲ ಹತ್ರ ಬರ್ಲಿಲ್ಲ ಕಣಪ್ಪಾ" ಎಂದರು ಆಕೆ. "ಅದ್ಕೆ ಬಾಗ್ಲೇ ಬಂತು."

ಬಾಗಿಲ ಹಿಂಬದಿಯಲ್ಲಿ ಮೇಲಿಂದ ಕೆಳಗೆ ಇದ್ದಿಲಿನಲ್ಲಿ ಬರೆದಿತ್ತು. ಆಕೆಯ ತಂದೆ ಹಸು ಈದ ದಿನ, ಮಕ್ಕಳು ಹುಟ್ಟಿದ ಗಳಿಗೆ ಎಲ್ಲವನ್ನೂ ಬಾಗಿಲ ಹಿಂದೆ ಬರೆಯುತ್ತಿದ್ದರಂತೆ, ಮಗಳೂ ಅದನ್ನೇ ರೂಢಿಸಿಕೊಂಡಿದ್ದರು. ಬೀಸುವ ಕಲ್ಲು ಕುಟ್ಟಿಸಿದ ತಾರೀಖು, ಬೆಲ್ಟು ಬದಲಾಯಿಸಿದ್ದು, ಸೊಸೆ ಹೆತ್ತದ್ದು. ನಡುವೆ ಒಂದು ಸಾಲು: ಹೊಸ ಮೋಟ್ರು ಬಂತು. ಅದರ ಮುಂದೆ ಕನ್ನಡ ಅಂಕಿಯಲ್ಲಿ ಉದ್ದನೆಯ ನಂಬರು.

ಮ್ಯಾನೇಜರು ನಕ್ಕರು. "ಒಂದು ಫೋಟೋ ಸಾಕಿತ್ತಲ್ಲಮ್ಮ, ವಾಟ್ಸಾಪ್ ಇದೆಯಲ್ಲ?"

"ಫೋಟೋದಾಗೆ ಹಿಟ್ಟು ಕೈಗೆ ಹತ್ತಲ್ಲ ಸ್ವಾಮಿ. ನೆನ್ನೆ ಬರ್ದು ಫೋಟೋ ಹೊಡ್ದೆ ಅಂತೀರಿ. ಇಲ್ಲಿ ಬೆಳ್ಳು ಇಟ್ಟು ನೋಡಿ. ಆ ನಂಬರ್ ಮ್ಯಾಲೆ ಆರ್ ತಿಂಗ್ಳಿನ ಹಿಟ್ಟೈತೆ. ಅದ್ರ ಕೆಳಗೆ ನನ್ನ ಮೊಮ್ಮಗು ಹುಟ್ಟಿದ್ದೈತೆ. ಮೊಮ್ಮಗೂನೂ ನೆನ್ನೆ ಹುಟ್ಟಿತಾ?"

ಮ್ಯಾನೇಜರು ಎದ್ದು ಬಂದು ಬೆರಳಿಟ್ಟರು. ಇದ್ದಿಲಿನ ಮೇಲೆ ರಾಗಿ ಹಿಟ್ಟು ಪದರಗಟ್ಟಿ ಅಂಟಿಕೊಂಡಿತ್ತು, ಬೆರಳಿಗೆ ಬೂದು ಬಣ್ಣ ಹತ್ತಿತು. ಅವರು ನನ್ನ ಕಡೆ ತಿರುಗಿ, "ನಂಬರು ಓದಿ ಮಲ್ಲೇಶಪ್ಪ, ನನಗೆ ಈ ಅಂಕಿ ಬರುವುದಿಲ್ಲ" ಎಂದರು.

ಓದಿದೆ. ಕೊನೆಯ ನಾಲ್ಕು ಅಂಕಿ ೭೭೪೬.

ಮ್ಯಾನೇಜರು ನಾನು ತುಂಬಿದ್ದ ಕಾರ್ಡು ನೋಡಿದರು. "ಇಲ್ಲಿ 3051 ಇದೆ. ಇದೂ ಹೊಂದಲಿಲ್ಲ. ಸಾರಿ ಅಮ್ಮ, ಇದನ್ನು ಮುಚ್ಚಬೇಕಾಗುತ್ತದೆ." ಅವರ ಕೈ ಪೆನ್ನಿನ ಕಡೆ ಹೋಯಿತು. ಶಿವನಂಜಮ್ಮ ಸೆರಗಿನಿಂದ ಬಾಗಿಲ ಮೇಲಿನ ಹಿಟ್ಟು ಉದುರದ ಹಾಗೆ ಒಂದು ಅಂಚನ್ನು ಹಿಡಿದುಕೊಂಡು ನಿಂತಿದ್ದರು.

೭೭೪೬ ಎಂದು ಓದಿದವನು ನಾನೇ. ಆ ನಂಬರನ್ನು ನಾನು ಮೊದಲೊಮ್ಮೆ ಬರೆದಿದ್ದೆ. ಎಲ್ಲಿ ಎಂದು ಆ ಕ್ಷಣವೇ ಗೊತ್ತಾಯಿತು. ಶ್ರಾವಣದ ಆ ದಿನ ಎರಡು ಮೋಟಾರಿನ ನಂಬರುಗಳನ್ನೂ ಡೀಲರಿನ ಗೋಡೌನಿನಲ್ಲಿ ಡಬ್ಬಿ ನೋಡಿ ಅಂಗೈ ಮೇಲೆ ಬರೆದುಕೊಂಡಿದ್ದೆ. ಅಜ್ಜಂಪುರದ ಹೋಟೆಲಿನಲ್ಲಿ ಇಡ್ಲಿ ಬರುವಷ್ಟರಲ್ಲಿ ಎರಡು ಕಾರ್ಡನ್ನೂ ತುಂಬಿಬಿಟ್ಟಿದ್ದೆ. ಯಾವ ಡಬ್ಬಿ ಯಾವ ಊರಿಗೆ ಹೋಯಿತೆಂದು ಮತ್ತೆ ನೋಡಲಿಲ್ಲ. ಮೋಟಾರಿನ ಮೈ ನೋಡಿ ಬರೆಯಬೇಕೆಂಬುದು ನಿಯಮ. ಮೂವತ್ತು ವರ್ಷದ ಅನುಭವಿಗೆ ಯಾವ ನಿಯಮ ಎಂಬ ಜಂಬ ನನಗೆ. ಮರದ ಮಿಲ್ಲಿನವರು ರಿಪೇರಿಗೆ ಕರೆದಾಗ ಕಾರ್ಡು ಸಿಗಲಿಲ್ಲವೆಂದು ನಮ್ಮ ಇನ್ನೊಬ್ಬ ಮೆಕ್ಯಾನಿಕ್ಕು ಸ್ಟಿಕ್ಕರ್ ನೋಡಿಯೇ ಕಂಪ್ಯೂಟರಿಗೆ ಹಾಕಿದ್ದ. ಹಾಗಾಗಿ ಅದಲುಬದಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈಗ ನಾನು ಸುಮ್ಮನಿದ್ದರೆ ಸಾಕಿತ್ತು. ಸುಳ್ಳು ಹೇಳಬೇಕಾಗಿರಲಿಲ್ಲ. ಪೆನ್ನು ಓಡುತ್ತಿತ್ತು, ಬಾಗಿಲು ಆಟೋ ಹತ್ತುತ್ತಿತ್ತು, ಇನ್ನು ಎಂಟು ದಿನಕ್ಕೆ ಗೊಬ್ಬರದ ಬೋರ್ಡು ಮೇಲೇರುತ್ತಿತ್ತು. ನಿವೃತ್ತಿಗೆ ಎರಡೇ ವರ್ಷ ಬಾಕಿ ಇತ್ತು. ನನ್ನ ಅಕ್ಷರಕ್ಕೆ ಒಂದು ಬೆಲೆ ಇದೆ ಎಂದು ಆ ಸೆಂಟರಿನಲ್ಲಿ ಎಲ್ಲರಿಗೂ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಹೆದರಿಕೆಯಾಯಿತು. ಹಾಗೆ ಹೇಳಲು ನನಗೆ ಸಂಕೋಚವಿಲ್ಲ.

"ಸಾರ್, ಒಂದು ನಿಮಿಷ" ಎಂದೆ.

ಕಪಾಟು ತೆಗೆದು ಕಾರ್ಡುಗಳ ನಕಲು ಹಾಳೆ ಉಳಿಯುವ ಪುಸ್ತಕ ತಂದೆ. ಶ್ರಾವಣದ ಪುಟಗಳು. ಶಿವನಂಜಮ್ಮನ ಹಾಳೆಯಲ್ಲಿ 3051. ಅದರ ಬೆನ್ನಿಗೇ ಮರದ ಮಿಲ್ಲಿನ ಹಾಳೆ, ಅದರಲ್ಲಿ 7746. ಒಂದೇ ಪೆನ್ನು, ಒಂದೇ ದಿನ, ಎರಡನೆಯದರ ಮೂಲೆಯಲ್ಲಿ ಸಾಂಬಾರಿನ ಕಲೆ ಬೇರೆ.

"ಬಾಗಿಲು ಸರಿಯಾಗಿದೆ ಸಾರ್. ತಪ್ಪಿರುವುದು ಕಾರ್ಡು. ಇದು ನನ್ನ ಅಕ್ಷರ. ಈ ಅಮ್ಮನ ಮೋಟಾರಿಗೆ ಮರದ ಮಿಲ್ಲಿನ ನಂಬರು ಬರೆದಿದ್ದೇನೆ, ಅವರದಕ್ಕೆ ಇವರದು. ಮರದ ಮಿಲ್ಲಿಗೆ ಫೋನು ಮಾಡಿ ಸ್ಟಿಕ್ಕರ್ ಓದಿಸಿ, 3051 ಅಂತಲೇ ಹೇಳುತ್ತಾರೆ."

ಮ್ಯಾನೇಜರು ಫೋನು ಮಾಡಿಸಿದರು. ಮರದ ಮಿಲ್ಲಿನವರು ಹಾಗೇ ಹೇಳಿದರು.  ಮ್ಯಾನೇಜರು ನನಗೊಂದು ಮೆಮೊ ಬರೆದರು, ಶಿವನಂಜಮ್ಮನಿಗೆ ಹೊಸ ಮೋಟಾರು ಬರೆದರು. ಎರಡೂ ನ್ಯಾಯವೇ. ಮಾಡಿದ್ದುಣ್ಣೋ ಮಹರಾಯ ಎಂದು ಸಹಿ ಹಾಕಿ ತೆಗೆದುಕೊಂಡೆ.

ನಾನು ಆಕೆಯ ಹತ್ತಿರ ಹೋಗಿ, "ತಪ್ಪಾಯ್ತು ಅಮ್ಮ" ಎಂದೆ.

"ಇಲ್ಲಿ ಹೇಳಿದ್ರೆ ನಮ್ಮೂರಿಗೆ ಕೇಳ್ಸಲ್ಲ ಕಣಪ್ಪಾ" ಎಂದರು. "ಬಾಗ್ಲು ಎತ್ತು, ಆಟೋಕ್ಕೆ ಹಾಕಾನ."

ನಾಲ್ಕನೆಯ ದಿನ ಹೊಸ ಮೋಟಾರು ತೆಗೆದುಕೊಂಡು ಹೋದೆ. ಮಿಲ್ಲಿಗೆ ಬಾಗಿಲು ಇರಲಿಲ್ಲ, ಅದನ್ನು ಆಕೆ ಇನ್ನೂ ಕುಳಿಗೆ ಕೂರಿಸಿರಲಿಲ್ಲ. "ಮಿಲ್ಲೇ ನಿಂತ ಮ್ಯಾಲೆ ಬಾಗ್ಲು ಯಾತಕ್ಕೆ? ಮೋಟ್ರು ತಿರುಗ್ಲಿ, ಆಮ್ಯಾಕೆ ಹಾಕಾನ" ಎಂದರು. ಸುದ್ದಿ ಹರಡಿ ಊರಿನ ಜನ ಸೇರಿದ್ದರು, ಮೈದುನನೂ ಬಂದು ಗೋಡೆಗೆ ಒರಗಿ ನಿಂತಿದ್ದ. ಬೋಲ್ಟು ಬಿಗಿದು, ಬೆಲ್ಟು ಹಾಕುವ ಮೊದಲು ನಾನು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಕಾರ್ಡಿನಲ್ಲಿ ತಪ್ಪು ನಂಬರು ಬರೆದವನು ನಾನು, ಈ ಅಮ್ಮ ಮೊದಲ ದಿನ ಹೇಳಿದ್ದು ಅಕ್ಷರಶಃ ನಿಜ, ನಾನು ನಾಲ್ಕು ಹೆಜ್ಜೆ ನಡೆದು ನೋಡಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಮಾಡಿದ ಅತಿ ಕಷ್ಟದ ಇನ್‌ಸ್ಟಲೇಷನ್ ಅದು.  ಮೈದುನ, "ಬಾಗ್ಲು ಎತ್ತಾಕೆ ಇನ್ನೊಂದು ಕೈ ಬೇಕೇನ್ರೀ?" ಎಂದು ಮುಂದೆ ಬಂದ. ಅವನು ಒಂದು ಕಡೆ, ನಾನು ಒಂದು ಕಡೆ ಹಿಡಿದು ಬಾಗಿಲನ್ನು ಕುಳಿಗೆ ಕೂರಿಸಿದೆವು.

ಮೋಟಾರು ತಿರುಗಿತು. ಆಕೆ ಒದ್ದೆ ಬಟ್ಟೆ ತಂದರು, ತಟ್ಟೆಯಲ್ಲಿ ವಿಭೂತಿ, ಕುಂಕುಮ. ನಾನು ಅಡ್ಡ ಬಂದು, "ಅಮ್ಮಾ, ಪೂಜೆ ಆಮೇಲೆ, ಮೊದಲು ನಂಬರು" ಎಂದೆ. ವೈರುಗಳು ಬಂದು ಸೇರುವ ಟರ್ಮಿನಲ್ ಬಾಕ್ಸಿನ ಮುಚ್ಚಳದ ಒಳಗೆ, ಯಾವ ಬಟ್ಟೆಯೂ ತಾಗದ ಕಡೆ, ಬಣ್ಣದಲ್ಲಿ ನಂಬರು ಬರೆದೆ. ಅವತ್ತಿನಿಂದ ನಿವೃತ್ತಿಯವರೆಗೂ ನಾನು ಕೂರಿಸಿದ ಪ್ರತಿ ಮೋಟಾರಿನ ಮುಚ್ಚಳ ತೆಗೆದರೆ ಒಳಗೆ ನನ್ನ ಅಕ್ಷರ ಸಿಗುತ್ತದೆ, ಮೋಟಾರಿನ ಮೈ ನೋಡಿ ಬರೆದದ್ದು. ಈಗ ಸ್ಟಿಕ್ಕರಿನ ಬದಲು ಫೋನು ಹಿಡಿದರೆ ಓದುವ ಚೌಕದ ಗುರುತು ಬಂದಿದೆಯಂತೆ. ಬರಲಿ, ಒಳ್ಳೆಯದೇ. ವಿಭೂತಿ ಅದರ ಮೇಲೂ ಬೀಳುತ್ತದೆ. ಮುಚ್ಚಳದೊಳಗೆ ಬರೆಯುವುದನ್ನು ಬಿಡಬೇಡಿ.

ಕೊನೆಗೆ ವಾರಂಟಿ ಕಾರ್ಡು ತುಂಬಿ ಆಕೆಯ ಕೈಗೆ ಕೊಟ್ಟೆ. ಹಿಂಬದಿಯನ್ನು ಗಟ್ಟಿಯಾಗಿ ಓದಲು ಶುರು ಮಾಡಿದೆ. ಆಕೆ ಕಾರ್ಡನ್ನು ಹಾಗೇ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಲೆಯ ಹತ್ತಿರ ಹೋಗಿ ಒಂದು ಇದ್ದಿಲ ಚೂರು ತಂದು ನನ್ನ ಕೈಗಿಟ್ಟರು.

"ಅದು ಇರ್ಲಿ. ಬಾಗ್ಲ ಹಿಂದೆ ಬರಿ. ಈ ಸಲ ನೋಡ್ಕಂಡು ಬರಿ ಕಣಪ್ಪಾ."

ಮೋಟಾರಿನ ಹತ್ತಿರ ಹೋಗಿ ನೋಡಿದೆ, ಬಾಗಿಲಿಗೆ ಬಂದು ಬರೆದೆ. ಎರಡು ಅಂಕಿ ಬರೆದು ಮತ್ತೆ ಹೋಗಿ ನೋಡಿದೆ, ಮತ್ತೆ ಬಂದು ಬರೆದೆ. ಜನ ನಗುತ್ತಿದ್ದರು, ನಾನು ಬೇಸರ ಮಾಡಿಕೊಳ್ಳಲಿಲ್ಲ. ಬರೆದು ಮುಗಿಸಿದ ಮೇಲೆ ಆಕೆ ಹೋಗಿ ಸ್ಟಿಕ್ಕರಿನ ಜೊತೆ ಒಂದೊಂದೇ ಅಂಕಿ ಹೋಲಿಸಿಕೊಂಡು ಬಂದು, ತಲೆಯಾಡಿಸಿ, ಕಾಯುತ್ತಿದ್ದ ಮೊದಲ ರಾಗಿ ಚೀಲವನ್ನು ಬಾಯಿ ಬಿಚ್ಚಿ ಸುರಿದರು.